ಆರತಿ ಮದುವಿ ವಿಡಿಯೋ ತಡ ಆದದ್ದು

ತಿಕೋಟಾ
೯ ಜೂನ್ ೨೦೨೫

ವಿಡಿಯೋ ಜೋಡಿಸುವವರಿಗೆ,

ನನ್ನ ಸಣ್ಣ ಮಗಳು ಆರತಿಯ ಮದುವಿ ಮೇ ತಿಂಗಳದಾಗ ಬಬಲೇಶ್ವರದ ಮಂಗಲ ಕಾರ್ಯಾಲಯದಾಗ ಆತು. ವಿಡಿಯೋ ತಗದಾಂವ ನಮ್ಮೂರ ಸ್ಟುಡಿಯೋದ ಸಾದಿಕ. ತಗಿಯೂದಷ್ಟ ಅವನ ಕೆಲಸ, ಕತ್ತರಿಸಿ ಜೋಡಿಸಿ ಹಾಡು ಹಚ್ಚೂ ಕೆಲಸ ವಿಜಯಪುರದಾಗ ಬ್ಯಾರೆಯವರಿಗೆ ಕೊಟ್ಟಾನ ಅಂತ ನನಗ ನಿನ್ನೆ ತಿಳೀತು. ಯಾರಿಗೆ ಕೊಟ್ಟೀಯೋ ಅಂತ ಕೇಳಿದೆ. ಮಾರಿ ತಗ್ಗಿಸಿ ನಿಂತ. ಆಗ ಯಾರಿಗೆ ಅಂತ ನನಗ ಗೊತ್ತಾತು.

ಇರಲಿ, ಕೊಟ್ಟದ್ದು ಕೊಟ್ಟಾನ. ಈಗ ಕಸಗೊಂಡು ಬ್ಯಾರೆ ಕಡೆ ಕೊಟ್ಟರ ಮತ್ತ ಮೊದಲಿನಿಂದ ಸುರು ಆಗತೈತಿ ಅಂತಾನ. ಹಿಂಗಾಗಿ ನಾನು ಗಿರಾಕಿ ಅಂತ ತಿಳಕೊಂಡು ಬರಿಯಾಕತ್ತೇನಿ, ನೀವೂ ಹಂಗ ತಿಳಕೋರಿ. ಆರತಿ ಗಂಡನ ಮನಿ ನಿಡೋಣಿಯವರು ದಿನಾ ಫೋನ್ ಮಾಡಿ ವಿಡಿಯೋ ಎಲ್ಲಿ ಅಂತ ಕೇಳಾಕತ್ತಾರ. ಪಂಚಮಿಗೆ ನಾವು ಆರತಿನ್ನ ಕರಿಯಾಕ ಹೋಗ್ತೀವಿ. ಅಷ್ಟರೊಳಗ ಅವರ ಕೈಯಾಗ ಇರಬೇಕು.

ನಿಮ್ಮ ಕಂಪ್ಯೂಟರ್ ಹಳೇದಾಗೇತಿ, ಓಡವಲ್ದು, ಅದಕ್ಕ ತಡ ಅಂತ ಸಾದಿಕ ಹೇಳಿದ. ನಾ ಬೀಜ-ಗೊಬ್ಬರದ ಅಂಗಡಿ ನಡಸಾಂವ. ಬಿತ್ತಿಗಿ ಮುಗದ ಮ್ಯಾಲೆ ಬೀಜ ಕೊಟ್ಟರ ರೈತ ಅದನ್ನ ನನ್ನ ಮಾರಿಮ್ಯಾಲ ಒಗದು ಹೋಗ್ತಾನ. ನಿಮ್ಮ ಧಂದೆನೂ ಹಂಗ ಇರಬೇಕು. ಯಾವತ್ತು ಕೊಡ್ತೀರಿ ಅಂತ ಸಾದಿಕನ ಕೈಯಾಗ ಬರದು ಕಳಸ್ರಿ.

ಶಂಕ್ರೆಪ್ಪ
ಬೀಜ-ಗೊಬ್ಬರದ ಅಂಗಡಿ, ತಿಕೋಟಾ


ವಿಜಯಪುರ
೧೩ ಜೂನ್ ೨೦೨೫

ಅಪ್ಪಾರಿಗೆ,

ಗಿರಾಕಿ ಅಂತ ತಿಳಕೊಂಡು ಬರೀಬೇಕಂತ ಎರಡು ಸಲ ಸುರು ಮಾಡಿ ಹರದು ಒಗದೆ. ನನಗ ಬರೂದಿಲ್ಲ. ನೀವು ನನಗ ‘ಕೊಡ್ತೀರಿ, ಕಳಸ್ರಿ’ ಅಂದದ್ದು ನೋಡಿ ಮೊದಲ ನಗು ಬಂತು, ಆಮ್ಯಾಲ ಭಾಳ ಹೊತ್ತು ಕೆಲಸ ಮಾಡಾಕ ಆಗಲಿಲ್ಲ. ನಾಕು ವರ್ಷದ ಮ್ಯಾಲೆ ನಿಮ್ಮ ಅಕ್ಷರ ನೋಡಿದೆ. ಇನ್ನೂ ಹಂಗ ಗುಂಡಗ ಐತಿ.

ಸಾದಿಕಗ ಏನೂ ಅನ್ನಬ್ಯಾಡ್ರಿ. ಅಂವ ನಾಕು ಕಡೆ ಕೆಲಸ ಕೊಡೂ ಮನಷ್ಯಾ ಅಲ್ಲ, ಅವನ ಎಲ್ಲಾ ಮದುವಿ ನಾನ ಜೋಡಸ್ತೇನಿ. ಇದನ್ನ ಕೊಡಬೇಕೋ ಬ್ಯಾಡೋ ಅಂತ ಅಂವ ಹಿಂದ ಮುಂದ ನೋಡಿದ. ನಾನ ಕಸಗೊಂಡೆ. ಕರಿಯದ ಮದುವಿ ನೋಡಾಕ ನನಗ ಬ್ಯಾರೆ ದಾರಿ ಎಲ್ಲಿತ್ತು ಹೇಳ್ರಿ.

ತಡ ಆಗಾಕತ್ತಿದ್ದು ಖರೇ. ಸಾದಿಕ ಈ ಸಲ ಹೊಸಾ ಕ್ಯಾಮೆರಾ ತಂದಾನ, ಚಿತ್ರ ಭಾಳ ದೊಡ್ಡವು, ಭಾರ. ನನ್ನ ಡೆಸ್ಕ್‌ಟಾಪಿಗೆ ಅವು ತಡಕೊಳ್ಳಾಕ ಆಗವಲ್ವು. ಸಣ್ಣ ಸೈಜಿನ ನಕಲು ಮಾಡಿಕೊಂಡು ಜೋಡಿಸಬಹುದು, ಆದರ ನಕಲು ಮಾಡೂದ್ರಾಗ ಮಶೀನ ಕಾದು ತಾನ ಬಂದ್ ಆಗತೈತಿ. ಪ್ಲೇ ಒತ್ತಿದರ ಧ್ವನಿ ಓಡತೈತಿ, ಚಿತ್ರ ನಿಂತುಬಿಡತೈತಿ. ಆರತಿ ತಲಿಮ್ಯಾಲ ಅಕ್ಕಿಕಾಳು ಬೀಳೂ ಹೊತ್ತಿಗೆ ನಿಂತು, ಬಾಜಾ ಮುಗದು ಮಂದಿ ಊಟಕ್ಕ ಎದ್ದರೂ ಅಕಿ ಹಂಗ ಕಣ್ಣು ಮುಚ್ಚಿಕೊಂಡು ನಿಂತಿರ್ತಾಳ.

ಯಾವ ಕಂಪ್ಯೂಟರ್ ಅಂತ ನೀವು ಕೇಳಿಲ್ಲ. ಅದ. ನಾ ಕಾಲೇಜಿಗೆ ಬಂದಾಗ ನೀವು ಕೊಡಿಸಿದ್ದು, ಬಸ್ಸಿನಾಗ ತೊಡಿಮ್ಯಾಲ ಇಟ್ಟಕೊಂಡು ತಂದಿದ್ದರಲ್ಲ. ನನ್ನ ಗಂಡ ರಾಹುಲ ಇದನ್ನ ತಗದು ಹೊಸಾದು ತರೂಣು ಅಂತಾನ. ನಾ ಒಲ್ಲೆ ಅಂದೇನಿ. ರ‍್ಯಾಮ್ ಹೆಚ್ಚಿಗಿ ಹಾಕಸ್ತೇನಿ, ಹಳೇ ಹಾರ್ಡ್ ಡಿಸ್ಕ್ ಬದಲಿ ಎಸ್‌ಎಸ್‌ಡಿ ಹಾಕಸ್ತೇನಿ. ಅಷ್ಟಕ್ಕ ನಡದೀತು.

ಅವ್ವ ಹೆಂಗದಾಳ? ಫೋಟೋದಾಗ ಸೊರಗಿದಂಗ ಕಾಣ್ತಾಳ. ಒಂದ ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಸಾದಿಕನ ಹಂತ್ಯಾಕ ನನ್ನ ನಂಬರ್ ಐತಿ. ಫೋನ್ ಮಾಡದ ಕಾಗದ ಯಾಕ ಬರದ್ರಿ?

ನಿಮ್ಮ ಹಿರೇ ಮಗಳು
ಗೀತಾಂಜಲಿ


ತಿಕೋಟಾ
೨೦ ಜೂನ್ ೨೦೨೫

ಗೀತಾಂಜಲಿಗೆ,

ನೀ ಆ ಹುಡುಗನ್ನ ಮದಿವ್ಯಾದ ದಿನ ನಾ ಹಿರೇರ ಮುಂದ ಆಣಿ ಮಾಡೇನಿ. ಅಕಿ ಕೂಡ ಮಾತಾಡೂದಿಲ್ಲ, ಅಕಿ ಮಾರಿ ನೋಡೂದಿಲ್ಲ, ನನ್ನ ಮನ್ಯಾಗಿನವರೂ ಅಷ್ಟ ಅಂತ. ಬರಿಯೂದಿಲ್ಲ ಅಂತ ಆಣಿ ಮಾಡಿಲ್ಲ. ಅದಕ್ಕ ಬರದೆ. ನಗಬ್ಯಾಡ. ಆಣಿ ಅಂದ್ರ ಆಣಿ.

ನಿಮ್ಮವ್ವ ಆರಾಮ ಅದಾಳ. ಈ ಕಾಗದದ ವಿಚಾರ ಅಕಿಗೆ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ. ನಿನ್ನ ಹೆಸರು ಮನ್ಯಾಗ ಎತ್ತೂದಿಲ್ಲ. ಮೊದಮೊದಲು ಅಕಿ ಎತ್ತತಿದ್ದಳು, ನಾ ತಾಟ ಬಿಟ್ಟು ಏಳತಿದ್ದೆ. ಆಮ್ಯಾಲ ಬಿಟ್ಟಳು.

ಕಂಪ್ಯೂಟರಿಗೆ ಹೊಸಾ ಸಾಮಾನು ಹಾಕಸ್ತೇನಿ ಅಂತಿ. ನನಗ ಅದು ತಿಳಿಯೂದಿಲ್ಲ. ಆದರ ಮಂದಿ ಹಳೇ ಪಂಪಿಗೆ ಒಂದೊಂದ ಭಾಗ ಹಾಕಕೋತ ಹೋಗಿ ಕಡೀಕ ಬೆಳಿ ಒಣಗಿಸಿಕೊಂಡದ್ದು ಅಂಗಡ್ಯಾಗ ಕುಂತು ಭಾಳ ನೋಡೇನಿ. ನಾ ಕೊಡಿಸಿದ್ದು ಅಂತ ಹಿಡಕೊಂಡು ಕುಂಡ್ರಬ್ಯಾಡ. ಸಾಮಾನು ಸಾಮಾನ.

ಇನ್ನೊಂದು. ಮದುವಿ ದಿನ ಸಾದಿಕ ನನ್ನ ಅಂಗಿ ಕಾಲರಿಗೆ ಒಂದು ಸಣ್ಣ ಮೈಕ್ ಸಿಗಿಸಿದ್ದ, ಧಾರಿ ಎರೀವಾಗ ಮಾತು ಚಲೋ ಕೇಳತಾವ ಅಂತ. ಆಮ್ಯಾಲ ಅಂವ ತಗಿಯೂದು ಮರತ, ನಾನೂ ಮರತೆ. ಬೀಗರಿಗೆ ಊಟಕ್ಕ ಬಡಸೂತನಕಾ ಅದು ನನ್ನ ಮೈಮ್ಯಾಲ ಇತ್ತು. ಅದ್ರಾಗ ಎಲ್ಲಾ ತುಂಬಿರತೈತಿ ಅಂತ ಸಾದಿಕ ಮೊನ್ನೆ ಹೇಳಿದ. ಧಾರಿ ಮುಗದ ಮ್ಯಾಲಿಂದು ಏನೂ ಕೆಲಸಕ್ಕ ಬರೂದಲ್ಲ, ಸಾರು ತಾ, ಅನ್ನ ತಾ ಅನ್ನೂ ಮಾತು. ಕೇಳದ ಅಳಸಿಬಿಡು. ಕೇಳಬ್ಯಾಡ.

ಶಂಕ್ರೆಪ್ಪ


ವಿಜಯಪುರ
೨೪ ಜೂನ್ ೨೦೨೫

ಅಪ್ಪಾರಿಗೆ,

ನಿಮ್ಮ ಕಾಗದ ಬರೂದರೊಳಗ ಕೇಳಿ ಮುಗದಿತ್ತು. ಧ್ವನಿ ಕೇಳದ ವಿಡಿಯೋ ಜೋಡಸಾಕ ಬರೂದಿಲ್ಲ, ಅದು ನನ್ನ ಕೆಲಸ.

ರ‍್ಯಾಮ್ ಹಾಕಿಸಿದೆ, ಎಸ್‌ಎಸ್‌ಡಿ ಹಾಕಿಸಿದೆ. ಮಶೀನ ಜಲ್ದಿ ಚಾಲೂ ಆಗಾಕ ಹತ್ತೇತಿ, ವಿಡಿಯೋ ಮಾತ್ರ ಹಂಗ ನಿಂದರತೈತಿ. ಊಟದ ಪಂಕ್ತಿ ತಗದು ನೋಡಿದೆ. ಚಿತ್ರದಾಗ ನೀವು ಹೋಳಿಗಿ ಬುಟ್ಟಿ ಹಿಡಕೊಂಡು ಬಗ್ಗೀರಿ, ಅಲ್ಲೇ ನಿಂತಿತು. ಧ್ವನಿ ಮಾತ್ರ ಮುಂದ ಓಡಿತು. ಬೀಗರ ಕಾಕಾ ರೇವಪ್ಪ ಅಂತ ಕಾಣತೈತಿ, ನಿಮಗ ಹಿರೇ ಮಗಳು ಒಬ್ಬಾಕಿ ಇದ್ದಳಂತಲ್ಲ ಅಂತ ಕೇಳಿದ.

“ಇದ್ದಳ್ರಿ. ತೀರಿಕೊಂಡಳು.”

ಏನಾಗಿತ್ತು ಅಂತ ಅಂವ ಕೇಳಿದ. ಜ್ವರ ಬಂದಿತ್ರಿ ಅಂದ್ರಿ. ಏನ ಜ್ವರ ಅಪ್ಪಾ? ಡೆಂಗಿನೋ, ಟೈಫಾಯ್ಡೋ? ನನಗೂ ಒಂದೀಟು ಗೊತ್ತಾಗಲಿ.

ಮನಿಗೆ ಬರಬ್ಯಾಡ ಅಂದ್ರಿ, ಬರಲಿಲ್ಲ. ತಂಗಿ ಮದುವಿಗೆ ಕರೀಲಿಲ್ಲ, ಸಾದಿಕನ ಕ್ಯಾಮೆರಾದಾಗ ನೋಡಿಕೊಂಡು ಸುಮ್ನಿದ್ದೆ. ಓಡಿಹೋದಳು ಅಂತ ಮಂದಿ ಮುಂದ ಬೈದಿದ್ದರೂ ತಡಕೋತಿದ್ದೆ, ಬೈಸಿಕೊಳ್ಳಾಕ ನಾ ಇರ್ತಿದ್ದೆನಲ್ಲ. ನೀವು ನಾ ಇದ್ದೇನಿ ಅನ್ನೂದನ್ನ ತಗದು ಒಗದ್ರಿ, ಅದೂ ಹೋಳಿಗಿ ಬಡಸಕೋತ. ನಿಮ್ಮ ಧ್ವನಿ ಒಂದೀಟೂ ನಡಗಲಿಲ್ಲ. ನನಗ ಸಿಟ್ಟು ಬಂದೈತಿ. ಸಿಟ್ಟಿಗಿಂತ ಹೆಚ್ಚಿಗಿ ಏನೋ ಬಂದೈತಿ, ಅದಕ್ಕ ಏನಂತಾರೋ ನನಗ ಗೊತ್ತಿಲ್ಲ.

ಈಗ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ನೋಡ್ತೇನಿ. ವಿಡಿಯೋ ಕೊಡ್ತೇನಿ, ಹೆದರಬ್ಯಾಡ್ರಿ.

ಗೀತಾಂಜಲಿ


ವಿಜಯಪುರ
೬ ಜುಲೈ ೨೦೨೫

ಅಪ್ಪಾರಿಗೆ,

ನಿಮ್ಮ ಕಡಿಂದ ಏನೂ ಬರಲಿಲ್ಲ. ಸಾದಿಕನ್ನ ಕೇಳಿದೆ. ಅಪ್ಪಾರು ಅಂಗಡ್ಯಾಗ ಅದಾರ, ಪೆನ್ ಹಿಡೀತಾರ, ಇಡ್ತಾರ, ನಾ ಕೇಳಾಕ ಹೋಗಲಿಲ್ಲ ಅಂದ. ಹಂಗಾರ ನಾನ ಬರೀತೇನಿ.

ಪಂಪಿನ ಮಾತು ಹೇಳಿದ್ರಲ್ಲ, ಅದ ಖರೇ ಆತು. ಗ್ರಾಫಿಕ್ಸ್ ಕಾರ್ಡ್ ತಂದರ ಹಳೇ ಪವರ್ ಸಪ್ಲೈ ಅದನ್ನ ಹೊರಲಿಲ್ಲ. ಪವರ್ ಸಪ್ಲೈ ಬದಲಿ ಮಾಡಿದರ, ಈ ಪ್ರೊಸೆಸರಿಗೆ ಇಷ್ಟು ಭಾರದ ಚಿತ್ರ ಬಿಚ್ಚಾಕ ಬರೂದಿಲ್ಲ ಅಂತ ಗೊತ್ತಾತು. ಹೊಸಾ ಪ್ರೊಸೆಸರ್ ಈ ಬೋರ್ಡಿನ್ಯಾಗ ಕುಂಡ್ರೂದಿಲ್ಲ. ಹೊಸಾ ಬೋರ್ಡ್ ಹಾಕಿದರ ಮೊನ್ನೆ ಹಾಕಿಸಿದ ರ‍್ಯಾಮ್ ಅದಕ್ಕ ಹೊಂದೂದಿಲ್ಲ. ಅಂಗಡಿಯಾಂವ ನಕ್ಕ. ಅಕ್ಕಾರ, ಇದನ್ನ ಉಳಸಾಕ ಹೋಗಿ ಎರಡು ಮಶೀನಿನ ಖರ್ಚು ಮಾಡೀರಿ ಅಂದ. ರಾಹುಲ ನಗಲಿಲ್ಲ. ಹಳೇ ಸಾಮಾನೆಲ್ಲಾ ಒಂದು ಡಬ್ಬಿಯೊಳಗ ಹಾಕಿ ಕಪಾಟಿನ ಮ್ಯಾಲಿಟ್ಟ. ಈಗ ನೀವು ತಂದಿದ್ದರಾಗ ಹೊರಗಿನ ಡಬ್ಬಿ ಒಂದ ಉಳದೈತಿ.

ಈಗ ವಿಡಿಯೋ ನೀರು ಹರದಂಗ ಓಡತೈತಿ. ಊಟದ ಪಂಕ್ತಿ ತಗಿಯೂದು ಬ್ಯಾಡ ಅಂತಿದ್ದೆ, ತಗದೆ. ಮೊದಲ ಕೇಳಿದ್ದನ್ನ ಈಗ ಕಣ್ಣಲೆ ನೋಡಿದೆ. ನೀವು ತೀರಿಕೊಂಡಳು ಅಂದ್ರಿ. ರೇವಪ್ಪಕಾಕಾ ಎಡಗೈ ನಿಮ್ಮ ಹೆಗಲಮ್ಯಾಲ ಇಟ್ಟ. ನೀವು ಬುಟ್ಟಿ ಕೆಳಗಿಟ್ಟು, ಟಾವೆಲ್ಲು ಮಾರಿಗೆ ಹಚ್ಚಿಕೊಂಡು, ಹಂಗ ಭಾಳ ಹೊತ್ತು ನಿಂತ್ರಿ. ಅಂವ ಏನೋ ಅನ್ನಾಕತ್ತಿದ್ದ, ಅಷ್ಟರಾಗ ಮತ್ತ ಸುರು ಆದ ಬಾಜಾದಾಗ ಕೇಳಸೂದಿಲ್ಲ. ನೀವು ಅಳಾಕತ್ತಿದ್ರಿ.

ಅಷ್ಟು ಅಳೂದಿತ್ತಂದ್ರ ವಿಜಯಪುರ ಏನು ದೂರಿತ್ತ ಅಪ್ಪಾ? ಬಸ್ ಹತ್ತಿದರ ಬರೂದು. ಸತ್ತಾಳ ಅಂತ ಅಂದು ಯಾಕ ಅತ್ರಿ?

ಆ ಜಾಗಾ ನಾ ಕತ್ತರಿಸೇನಿ. ಚಿತ್ರನೂ ಇಲ್ಲ, ಧ್ವನಿನೂ ಇಲ್ಲ. ಯಾರಿಗೂ ಗೊತ್ತಾಗೂದಿಲ್ಲ. ಇನ್ನೊಂದು ವಾರದಾಗ ಮುಗೀತೈತಿ.

ಗೀತಾ


ತಿಕೋಟಾ
೧೧ ಜುಲೈ ೨೦೨೫

ಗೀತಾ,

ಯಾಕಂದ್ರಿ ಅಂತ ಕೇಳಿದ್ದಿ. ಆ ಹೊತ್ತಿನ್ಯಾಗ ಓಡಿಹೋಗ್ಯಾಳ ಅಂದಿದ್ದರ ಪಂಕ್ತಿಯೊಳಗಿನ ಮಂದಿ ಕೈ ತಡದು ಕುಂಡ್ರತಿದ್ರು. ಆರತಿ ಹಣಿಮ್ಯಾಲಿನ ಅರಿಷಿಣ ಇನ್ನೂ ಹಸೀ ಇತ್ತು. ತೀರಿಕೊಂಡಾಳ ಅಂದ್ರ ಮುಂದ ಯಾರೂ ಕೇಳೂದಿಲ್ಲ. ಅದ ಬಾಯಾಗ ಬಂತು, ಅಂದೆ.

ಅತ್ತದ್ದು ಯಾಕ ಅಂದ್ರ, ಆ ಮುದುಕ ಹೆಗಲ ಮ್ಯಾಲ ಕೈ ಇಟ್ಟ. ಹೆಣ್ಣು ಮಕ್ಕಳನ್ನ ಕಳಕೊಂಡವರ ಸಂಕಟ ನನಗ ಗೊತ್ತೈತಪ್ಪಾ ಅಂದ. ನೀ ಹೋದಾಗಿಂದ ನನಗ ಮಂದಿ ಬೈದಾರ, ಹಿಂದ ನಕ್ಕಾರ, ಬುದ್ಧಿ ಹೇಳ್ಯಾರ. ನಿನಗ ಸಂಕಟ ಆಗಿರಬೇಕು ಅಂತ ಯಾರೂ ಅಂದಿದ್ದಿಲ್ಲ. ನನ್ನ ಕೈಲೆ ತಡಕೊಳ್ಳಾಕ ಆಗಲಿಲ್ಲ. ಇಷ್ಟ.

ಈಗ ಒಂದು ತ್ರಾಸ ಎದ್ದೈತಿ. ವಿಡಿಯೋ ಸುರುವಿಗೆ ಎರಡೂ ಮನಿಯ ತೀರಿಹೋದವರ ಫೋಟೋ ಹಾಕೂ ರೂಢಿ ನಿನಗ ಗೊತ್ತ ಐತಿ. ಆರತಿ ಅತ್ತಿ ಮಹಾನಂದಾ ಎಲ್ಲೋ ಮದುವಿಯೊಳಗ ಹೊಸಾದು ನೋಡಿ ಬಂದಾಳ. ಸತ್ತವರ ಫೋಟೋನ ಕಂಪ್ಯೂಟರಿನ್ಯಾಗ ಜೀವ ಬರಿಸಿ, ಅವರು ಕೈ ಎತ್ತಿ ಮದಮಕ್ಕಳಿಗೆ ಆಶೀರ್ವಾದ ಮಾಡೂಹಂಗ ತೋರಸ್ತಾರಂತ. ನಮ್ಮ ಅಪ್ಪ ಅವ್ವನ ಫೋಟೋ ಕೇಳಿದಳು, ಕೊಟ್ಟೆ. ಆರತಿ ಅಕ್ಕಂದೂ ಇರಲಿ ಅಣ್ಣಾರ, ಪಾಪ, ತಂಗಿ ಮದುವಿ ನೋಡದ ಹೋತು ಆ ಕೂಸು ಅಂತ ಫೋನಿನ್ಯಾಗ ಅಂದಳು. ಕೆಟ್ಟ ಮನಸಿನಿಂದ ಅಂದದ್ದಲ್ಲ. ಆರತಿ ಬಾಜೂಕ ಇದ್ದಳಂತ, ಬಾಯಿ ಬಿಡಲಿಲ್ಲಂತ. ಅಕಿ ಬಾಯಿ ನಾನ ಕಟ್ಟೇನಿ.

ಏನು ಹೇಳ್ಲಿ ನಾನು? ಹೂಂ ಅಂದೆ. ಸಾದಿಕನ ಕೈಯಾಗ ನಿನ್ನ ಫೋಟೋ ಕೊಡಾಕ ಹ್ವಾದೆ, ಕೈ ಬರಲಿಲ್ಲ.

ನಿಮ್ಮಪ್ಪ


ವಿಜಯಪುರ
೧೫ ಜುಲೈ ೨೦೨೫

ಅಪ್ಪಾರಿಗೆ,

ನಾ ಮೊದಲ ರಾಹುಲನ ಮಾತು ಕೇಳಿ ಮಶೀನ ಬದಲಿ ಮಾಡಿದ್ದರ ಜೂನ್ ತಿಂಗಳದಾಗ ವಿಡಿಯೋ ನಿಡೋಣಿ ಮುಟ್ಟತಿತ್ತು. ಮಹಾನಂದಾ ಅತ್ತಿಯವರಿಗೆ ಈ ವಿಚಾರ ಬರತಿದ್ದಿಲ್ಲ. ನೀವು ಕೊಡಿಸಿದ್ದು ಕೆಡಬಾರದು ಅಂತ ಕುಂತು ಇಷ್ಟೆಲ್ಲಾ ಆತು. ಅದನ್ನ ನೆನಸಿ ನೆನಸಿ ತಲಿ ಕೆಟ್ಟೈತಿ.

ನಿಮಗ ಇನ್ನೂ ಹೊತ್ತೈತಿ. ನಿಡೋಣಿಗೆ ಹೋಗಿ, ನನ್ನ ಹಿರೇ ಮಗಳು ಬದಕ್ಯಾಳ, ವಿಜಯಪುರದಾಗ ಅದಾಳ, ನಾ ಸುಳ್ಳು ಹೇಳಿದ್ದೆ ಅಂತ ಅಂದುಬಿಡ್ರಿ. ಒಂದು ಸಲ ಮಾರಿ ಸಣ್ಣದಾಗತೈತಿ. ಅವರು ಏನಂತಾರ? ಆರತಿನ್ನ ಬಿಡ್ತಾರ? ಅಷ್ಟು ಕೆಟ್ಟವರ ಮನಿಗೆ ನೀವು ಆರತಿನ್ನ ಕೊಟ್ಟಿರೂದಿಲ್ಲ ಅಂತ ನನಗ ನಂಬಿಗಿ ಐತಿ. ಅವರಿಗೆ ಹೇಳಾಕ ಆಗದಿದ್ದರ ಸಾದಿಕನ ಕೈಯಾಗ ‘ಹಾಕಬ್ಯಾಡ’ ಅಂತ ಒಂದು ಚೀಟಿ ಕೊಡ್ರಿ. ಮಹಾನಂದಾ ಅತ್ತಿಯವರಿಗೆ ಸಾದಿಕನ ಬಾಯಿಲೆ ಏನರ ನೆಪ ಹೇಳಸ್ತೇನಿ.

ಹಾಕು ಅಂದ್ರ ಹಾಕ್ತೇನಿ. ಗಿರಾಕಿ ಹೇಳಿದಂಗ ಮಾಡೂದು ನನ್ನ ಕೆಲಸ. ಆದರ ನೀವು ಹೇಳಬೇಕು.

ಗೀತಾ


ತಿಕೋಟಾ
೧೯ ಜುಲೈ ೨೦೨೫

ಗೀತಾ,

ಬುಧವಾರ ನಿಡೋಣಿಗೆ ಹೋಗಿದ್ದೆ, ಹೇಳಬೇಕಂತ. ಅಳಿಯಾ ಸತೀಶಕುಮಾರ ಬಾಗಲತನಕಾ ಬಂದು ಕೈಯಾಗಿನ ಚೀಲ ಇಸಗೊಂಡ. ಮಹಾನಂದಾ ಚಾ ಕೊಟ್ಟು, ನಿನ್ನ ಸಲುವಾಗಿ ದೇವರ ಮುಂದ ದೀಪ ಹಚ್ಚಾಕತ್ತೇನಿ ಅಂದಳು. ಚಾ ಕುಡದು ಬಂದೆ.

ಪಂಚಮಿ ಒಂದು ಸುಸೂತ್ರ ಆಗಲಿ. ಆರತಿ ಮನಿಗೆ ಬರಲಿ. ಆಮ್ಯಾಲ ಹೇಳ್ತೇನಿ, ಖರೇ ಹೇಳ್ತೇನಿ.

ಹಾಕು.

ನಿಮ್ಮಪ್ಪ


ವಿಜಯಪುರ
೨೩ ಜುಲೈ ೨೦೨೫

ಅಪ್ಪಾರಿಗೆ,

ವಿಡಿಯೋ ಮುಗದೈತಿ. ಪೆನ್ ಡ್ರೈವ್ ಸಾದಿಕಗ ಕೊಟ್ಟೇನಿ. ಬೀಗರ ಮನ್ಯಾಗ ಗ್ವಾಡಿಮ್ಯಾಲ ದೊಡ್ಡದಾಗಿ ತೋರಸಾಕ ಪ್ರೊಜೆಕ್ಟರ್ ಒಯ್ತಾನಂತ.

ಅಜ್ಜ ಅಜ್ಜಿ ಇಬ್ಬರೂ ಕೈ ಎತ್ತಿ ಆಶೀರ್ವಾದ ಮಾಡ್ತಾರ. ಅಜ್ಜನ ಫೋಟೋದಾಗ ಕೈ ಇದ್ದಿಲ್ಲ, ಬರೇ ಎದಿತನಕಾ ಇತ್ತು. ಕೈ ಮಶೀನ ತಾನ ಹುಟ್ಟಿಸೇತಿ. ಅಜ್ಜನ ಕೈ ಹಂಗ ನುಣ್ಣಗ ಇದ್ದಿಲ್ಲ, ನಿಮಗ ಗೊತ್ತೈತಿ.

ನನ್ನ ಫೋಟೋನೂ ಮಶೀನಿಗೆ ಕೊಟ್ಟಿದ್ದೆ. ಅದು ನನಗೂ ಒಂದು ಕೈ ಎತ್ತಿಸಿತು. ನೋಡಾಕ ಆಗಲಿಲ್ಲ, ಅಳಸಿಬಿಟ್ಟೆ. ಆಮ್ಯಾಲ, ಹಿಂದಿನ ಗ್ವಾಡಿ ಕಂಪ್ಯೂಟರಿನ್ಯಾಗ ಅಳಸಾಕ ಬರಲಿ ಅಂತ ಒಂದು ಹಸರ ಸೀರಿ ಕಟ್ಟಿ, ಮುಂಜಾನಿ ಬೆಳಕಿನ್ಯಾಗ ನಾನ ಕುಂತೆ. ಸಾಯದಾಕಿಗೆ ಹಾರ ಹಾಕೂ ಕೆಲಸಕ್ಕ ನಾ ಕೈ ಹಚ್ಚೂದಿಲ್ಲ ಅಂತ ರಾಹುಲ ಹೊರಗ ಹ್ವಾದ. ಸ್ವಲ್ಪ ಹೊತ್ತಿಗೆ ತಾನ ಬಂದು ಫೋನ್ ಹಿಡದ. ಮುಷ್ಟಿಯೊಳಗ ಅಕ್ಕಿಕಾಳು ತಗೊಂಡು, ಆರತಿ ಅಲ್ಲಿ ನಿಂತಾಳ ಅಂತ ತಿಳಕೊಂಡು ಒಗದೆ. ಜೋಡಿಸಿದ ಮ್ಯಾಲೆ ಕಾಳು ಅಕಿ ತಲಿಮ್ಯಾಲ ಬೀಳತಾವ. ಮಂದಿಗೆ ಬದಕಿದ್ದಾಕಿ ಅಂತ ಅನುಮಾನ ಬರಬಾರದಂತ ಒಂದೀಟು ನಿಧಾನ ಮಾಡಿ, ಸುತ್ತ ಹಾರ ಇಟ್ಟೇನಿ. ಕೆಳಗ ಹೆಸರು ಹಾಕೂದು ರೂಢಿ. ‘ದಿ. ಗೀತಾಂಜಲಿ’ ಅಂತ ನನ್ನ ಕೈಲೆ ಟೈಪ್ ಮಾಡೇನಿ.

ನನ್ನ ಮಾರಿ ನೋಡೂದಿಲ್ಲ ಅಂತ ಆಣಿ ಮಾಡೀರಿ. ಸತ್ತಾಕಿ ಮಾರಿ ನೋಡಾಕ ಅಡ್ಡಿ ಇಲ್ಲ, ನೋಡ್ರಿ.

ಒಂದು ಕೆಲಸ ಮಾಡ್ರಿ, ಕೈ ಮುಗೀತೇನಿ. ಅವ್ವಗ ಮೊದಲ ಎಲ್ಲಾ ಹೇಳಿ ಕರಕೊಂಡು ಹೋಗ್ರಿ. ನೀವು ಏನಂದೀರಿ, ಅಲ್ಲಿ ಏನು ಕಾಣತೈತಿ, ನಾ ಆರಾಮ ಅದೇನಿ, ಎಲ್ಲಾ. ಮಂದ್ಯಾಗ ಅಕಿಗೆ ಒಮ್ಮಿಗಲೇ ಅದು ಕಾಣಬಾರದು.

ಗೀತಾ


ನಿಡೋಣಿ
೨೭ ಜುಲೈ ೨೦೨೫

ಗೀತಾ,

ನಿನ್ನೆ ಸಂಜೀಕ ಆರತಿ ನಿನಗ ಫೋನ್ ಹಚ್ಚಿದ್ದಳು. ನೀ ಅವ್ವಾ, ಅವ್ವಾ ಅಂದದ್ದು ಇಲ್ಲಿ ಎಲ್ಲಾರಿಗೂ ಕೇಳಿಸ್ತು. ಆಮ್ಯಾಲ ಫೋನ್ ಬಂದ್ ಆತು. ನಿನಗ ಏನು ತಿಳಿದೀತು, ಪಾಪ. ನೀ ಮತ್ತ ಮತ್ತ ಮಾಡಿದಿ. ಎತ್ತಿ ಹೇಳಾಕ ನನ್ನ ಬಾಯಿಲೆ ಆಗಲಿಲ್ಲ, ಆರತಿ ಅಳಾಕತ್ತಿದ್ದಳು. ಅದಕ್ಕ ಬರೀತೇನಿ.

ನಿಮ್ಮವ್ವಗ ನಾ ಮೊದಲ ಹೇಳಲಿಲ್ಲ. ಬಸ್ಸಿನ್ಯಾಗ ಹೇಳಬೇಕಂದೆ. ಅಕಿ ಆರತಿಗೆ ಕಟ್ಟಿಕೊಂಡ ಉಂಡಿ ಡಬ್ಬಿ ಮಡಿಲಾಗ ಇಟ್ಟಕೊಂಡು, ಶೇಂಗಾ ಎಷ್ಟು, ಎಳ್ಳು ಎಷ್ಟು ಅಂತ ಹೇಳಕೋತ ಕುಂತಿದ್ದಳು. ಬಬಲೇಶ್ವರದಾಗ ಇಳದಾಗ ಹೇಳೂಣಂದೆ, ನಿಡೋಣಿ ಜೀಪು ತಯಾರ ನಿಂತಿತ್ತು. ಹಂಗ ಬಂದೇ ಬಿಟ್ಟಿವಿ.

ಉಂಡ ಮ್ಯಾಲೆ ಸಾದಿಕ ಗ್ವಾಡಿಮ್ಯಾಲ ವಿಡಿಯೋ ಹಚ್ಚಿದ. ಓಣಿ ಮಂದಿ ಕೂಡಿತ್ತು. ನಮ್ಮಪ್ಪ ಕೈ ಎತ್ತಿದ. ನಿಮ್ಮವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು, ಮಾವ ಯಾವತ್ತು ಹಿಂಗ ಆಶೀರ್ವಾದ ಮಾಡಿದ್ರು, ಬರೇ ಬೈಯೂದ ಇತ್ತು ಅಂತ ಬಾಜೂಕಿನಾಕಿ ಮುಂದ ಅಂದಳು. ಆಮ್ಯಾಲ ನೀ ಬಂದಿ. ಕಾಳು ಒಗದಿ. ಸುತ್ತ ಹಾರ. ಕೆಳಗ ಹೆಸರು. ನಿಮ್ಮವ್ವಗ ಓದಾಕ ಬರತೈತಿ.

ಮಹಾನಂದಾ ಕೈ ಮುಗದಳು, ಅಕಿನ್ನ ನೋಡಿ ಮಂದಿ ಎಲ್ಲಾ ಕೈ ಮುಗೀತು. ನಿಮ್ಮವ್ವ ಎದ್ದು ನಿಂತಳು. ಬಯ್ಯಲಿಲ್ಲ, ಚೀರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಕ ಕೇಳಿದಳು.

“ಯಾವಾಗ ಹೋದಳು? ನನಗ್ಯಾಕ ಹೇಳಲಿಲ್ಲ? ಮಣ್ಣಿಗಾದ್ರೂ ಕರಕೊಂಡು ಹೋಗಬೇಕಾಗಿತ್ತಲ್ಲ.”

ಗೀತಾ, ಆಗ ನಾ ಹೇಳಿದೆ. ಬೀಗರ ಮುಂದ, ಓಣಿ ಮಂದಿ ಮುಂದ, ಎಲ್ಲಾರ ಮುಂದ. ಇಲ್ಲ, ಬದಕ್ಯಾಳ, ನಾ ಸುಳ್ಳು ಹೇಳಿದ್ದೆ ಅಂದೆ. ನಿನ್ನ ಕಾಗದ ಕಿಸೆದಾಗಿಂದ ತಗದು ತೋರಿಸಿದೆ. ಅಕಿ ಅದನ್ನ ಕೈಯಾಗ ಹಿಡೀಲಿಲ್ಲ. ನಾಕು ವರ್ಷ ನಿನ್ನ ಹೆಸರು ಎತ್ತಾಕ ಬಿಡದಾಂವ ಈಗ ಬದಕ್ಯಾಳ ಅಂದ್ರ ಅಕಿ ಹೆಂಗ ನಂಬಬೇಕು? ಆರತಿ ಓಡಿ ಬಂದು ನಿನಗ ಫೋನ್ ಹಚ್ಚಿ ಅಕಿ ಕಿವಿಗೆ ಹಿಡದಳು. ನೀ ಕರದಿ. ನಿಮ್ಮವ್ವ ಕೇಳಿಸಿಕೊಂಡು ಫೋನ್ ಕೆಳಗಿಟ್ಟಳು.

“ತೀರಿಹೋದ ಮಾವನೂ ಕೈ ಎತ್ತಿದ್ರಲ್ಲ” ಅಂದಳು.

ವಿಡಿಯೋ ಕಾಲ್ ಮಾಡೂಣ ಅಂದ ಅಳಿಯಾ. ಅಕಿ ಮಾರಿ ಆ ಕಡೆ ಹೊಳ್ಳಿಸಿದಳು. ಹಿತ್ತಲಕ್ಕ ಹೋಗಿ ತಲಿಮ್ಯಾಲ ನೀರು ಸುರುವಿಕೊಂಡಳು. ಎಷ್ಟು ವರ್ಷದ ಸೂತಕ ಬಾಕಿ ಉಳದೈತೋ ಅಂತ ಒಬ್ಬಾಕಿನ ಅನ್ನಾಕತ್ತಾಳ.

ಮಹಾನಂದಾ ನನಗ ಒಂದ ಮಾತು ಅಂದಳು. ಅಣ್ಣಾರ, ನಮ್ಮ ನಾದಿನಿನೂ ಹಂಗ ಹೋಗಿ ಮದಿವ್ಯಾದಾಕಿ, ವರ್ಷಾ ಪಂಚಮಿಗೆ ಬಂದು ಹೋಗ್ತಾಳ, ನೀವು ಹೇಳಿದ್ದರ ನಾವೇನು ಮಾಡ್ತಿದ್ದಿವಿ ಅಂತ. ಆವಾಗಿಂದ ಅಕಿ ನಿಮ್ಮವ್ವನ ಬಾಜೂಕ ಕುಂತಾಳ, ನಾ ಕಟ್ಟಿಮ್ಯಾಲ ಕುಂತೇನಿ. ಹೇಳಾಕ ನನಗ ಎಷ್ಟು ಹೊತ್ತಿತ್ತು. ಚಾ ಕುಡಿಯೂವಾಗ ಹೇಳಬಹುದಾಗಿತ್ತು. ಬಸ್ಸಿನ್ಯಾಗ ಹೇಳಬಹುದಾಗಿತ್ತು.

ಸಾದಿಕ ಈ ಕಾಗದ ಕೊಟ್ಟು ಬಾಗಲದಾಗ ಗಾಡಿ ಹಚ್ಚಿ ನಿಂತಿರ್ತಾನ. ರಾಹುಲನ್ನೂ ಕರಕೊಂಡು ಬಾ, ಮಗಾ. ನಿಮ್ಮವ್ವ ತೊಯ್ದ ಸೀರಿ ಬದಲಿ ಮಾಡೂದಿಲ್ಲ, ಕುಂತಲ್ಲಿಂದ ಏಳೂದಿಲ್ಲ, ಯಾರ ಮಾತೂ ಕೇಳೂದಿಲ್ಲ. ಅಕಿ ಕೈ ತಗೊಂಡು ನಿನ್ನ ಮಾರಿಮ್ಯಾಲ ಇಡು.

ನಿಮ್ಮಪ್ಪ